ಒರಳು ಕಲ್ಲಿಗೂ ಟೆಕ್ನಾಲಜಿ ಅನ್ನಬಹುದಾ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೇಲಿ ತಂತ್ರಜ್ಞಾನ ಮತ್ತು ದಿನದ ಬದುಕು ಅನ್ನೋ ವಿಷಯಕ್ಕೆ ಪ್ರಶ್ನೆ ಕಳಿಸಿ ಅಂತ ಕೇಳಿದ್ವಿ. ಯಾವ ಫೋನ್ ತಗೋಬೇಕು, ಯಾವ ಲ್ಯಾಪ್‌ಟಾಪ್ ಒಳ್ಳೇದು ಅನ್ನೋ ಥರದ್ದೇ ಜಾಸ್ತಿ ಬರತ್ತೆ ಅನ್ಕೊಂಡಿದ್ದೆ, ಬಂದಿದ್ದೇ ಬೇರೆ. ಅಡುಗೆಮನೆ, ಅಡಿಕೆ ತೋಟ, ರೇಷನ್ ಅಂಗಡಿ. ಓದ್ತಾ ಓದ್ತಾ ಖುಷಿನೂ ಆಯ್ತು, ಒಂದೆರಡು ಪತ್ರ ಓದಿ ಗಂಟಲು ಕಟ್ಟಿತು. ಆರಿಸಿದ ಆರು ಇಲ್ಲಿವೆ. ಕೆಲವರು ಹೆಸರು ಹಾಕಬೇಡಿ ಅಂದಿದ್ರಿಂದ ಎಲ್ಲರದ್ದೂ ಬರೀ ಊರು ಹಾಕಿದೀನಿ.

ಪ್ರಶ್ನೆ: ನನ್ನ ಮಗಳು ಏಳನೇ ಕ್ಲಾಸು. ತಂತ್ರಜ್ಞಾನದ ಮೇಲೆ ಪ್ರಬಂಧ ಬರ್ಕೊಂಡು ಬನ್ನಿ ಅಂದಿದ್ರು. ಅವಳು ಮೊಬೈಲು, ಕಂಪ್ಯೂಟರು, ರೋಬೋಟು ಅಂತ ಬರೆದು ಜೋರಾಗಿ ಓದ್ತಿದ್ಲು. ನಮ್ಮತ್ತೆ ಕೇಳಿಸ್ಕೊಂಡು, "ಯಾಕೆ, ನನ್ನ ಒರಳು ಕಲ್ಲು ಏನ್ ಪಾಪ ಮಾಡಿತ್ತು" ಅಂದ್ರು. ಎಲ್ರೂ ನಕ್ವಿ, ಆಮೇಲೆ ನಂಗೇ ಡೌಟ್ ಶುರುವಾಯ್ತು. ಒರಳು ಕಲ್ಲು ಟೆಕ್ನಾಲಜಿನಾ? (ಹಿರಿಯೂರು)

ಉತ್ತರ: ಹೌದು. ನಿಮ್ಮತ್ತೆ ಹೇಳಿದ್ದೇ ಸರಿ, ಮಗಳ ಪ್ರಬಂಧದಲ್ಲಿ ಅದಕ್ಕೊಂದು ಪ್ಯಾರಾ ಕೊಡಿಸಿ.

ಮೊದಲು ಆ ಪದಾನೇ ನೋಡಿ. ತಂತ್ರ ಅನ್ನೋದು ಸಂಸ್ಕೃತದ 'ತನ್' ಧಾತುವಿಂದ ಬಂದಿದ್ದು, ಎಳೆದು ಚಾಚೋದು, ಹರಡೋದು ಅಂತ ಅರ್ಥ. ತಂತಿ, ತಂತು ಎಲ್ಲ ಅದರ ಒಡಹುಟ್ಟಿದವೇ. ತಂತ್ರ ಅನ್ನೋ ಪದಕ್ಕೆ ಹಳೇ ಕಾಲದಲ್ಲಿ ಮಗ್ಗ ಅಂತ, ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಹಾಸು ನೂಲು ಅಂತಾನೂ ಅರ್ಥ ಇತ್ತು. ಇನ್ನು ಟೆಕ್ನಾಲಜಿ ಪದದ ಬೇರು ಗ್ರೀಕ್ ಭಾಷೆಯ ಟೆಕ್ನೆ, ಅಂದ್ರೆ ಕಸುಬು, ಕೈಚಳಕ. ಅದೇ ಕುಟುಂಬದ ಟೆಕ್ಟೋನ್ ಅಂದ್ರೆ ಬಡಗಿ, ನಮ್ಮ ಸಂಸ್ಕೃತದಲ್ಲೂ ಬಡಗಿಗೆ ತಕ್ಷ ಅಂತಾರೆ, ಇವೆರಡೂ ಒಂದೇ ಬೇರಿನವು. ಹಾಗಾಗಿ ಈ ಎರಡು ಪದಗಳ ಮನೆಗೆ ಹೋಗಿ ಬಾಗಿಲು ತಟ್ಟಿದ್ರೆ ಒಂದರಲ್ಲಿ ನೇಕಾರ ಸಿಗ್ತಾನೆ, ಇನ್ನೊಂದರಲ್ಲಿ ಬಡಗಿ ಸಿಗ್ತಾನೆ. ಕಂಪ್ಯೂಟರ್ ಇಂಜಿನಿಯರ್ ಬಂದಿದ್ದು ಮೊನ್ನೆ ಮೊನ್ನೆ.

ಈಗ ಒರಳಿಗೆ ಬರೋಣ. ಅದನ್ನ ಬರೀ ಕಲ್ಲು ಅನ್ಕೊಂಡ್ರೆ ಅದರೊಳಗಿನ ಬುದ್ಧಿ ಕಾಣಲ್ಲ. ಗಟ್ಟಿ ಕಲ್ಲೇ ಯಾಕೆ ಬೇಕು, ಮೆತ್ತನೆ ಕಲ್ಲಾದ್ರೆ ಸವೆದು ಹಿಟ್ಟಿಗೆ ಪುಡಿ ಬೀಳತ್ತೆ. ಒಳಗಡೆ ನುಣ್ಣಗಿದ್ರೆ ಅಕ್ಕಿ ಜಾರತ್ತೆ, ಅದಕ್ಕೇ ವರ್ಷಕ್ಕೊಂದ್ಸಲ ಉಳಿ ಸುತ್ತಿಗೆ ಹಿಡ್ಕೊಂಡು ಬೀದಿ ಬೀದಿ ಕೂಗ್ತಾ ಬರೋರು, ಅವರ ಹತ್ರ ಕಲ್ಲಿಗೆ ಕಚ್ಚು ಹಾಕಿಸ್ತಿದ್ವಿ, ತಿಪಟೂರು ಕಡೆ ನಮ್ಮಜ್ಜಿ ಮನೇಲಿ ಅವರು ಬಂದ ದಿನ ಹಿತ್ತಲೆಲ್ಲ ಟಕ್ ಟಕ್ ಸದ್ದು, ಕೆಲಸ ಮುಗಿದ ಮೇಲೆ ಅವರಿಗೆ ಊಟ. ನಿಧಾನಕ್ಕೆ ತಿರುಗೋದ್ರಿಂದ ಉದ್ದಿನ ಹಿಟ್ಟು ಬಿಸಿ ಆಗಲ್ಲ, ಗಾಳಿ ಸೇರ್ಕೊಂಡು ಉಬ್ಬತ್ತೆ, ಇಡ್ಲಿ ಮೆತ್ತಗೆ ಬರತ್ತೆ. 1950ರ ದಶಕದಲ್ಲಿ ಕೊಯಮತ್ತೂರಿನವರು ವೆಟ್ ಗ್ರೈಂಡರ್ ಮಾಡಿದಾಗ ಕಲ್ಲನ್ನ ಬಿಡಲಿಲ್ಲ ನೋಡಿ. ಒರಳಲ್ಲಿ ಕಲ್ಲು ಕೂತಿರತ್ತೆ ಗುಂಡು ತಿರುಗತ್ತೆ, ಗ್ರೈಂಡರಲ್ಲಿ ಪಾತ್ರೆ ತಿರುಗತ್ತೆ ಗುಂಡು ನಿಂತಿರತ್ತೆ, ಅಷ್ಟೇ ಉಲ್ಟಾ. ಮಿಕ್ಕಿದ್ದೆಲ್ಲ ನಿಮ್ಮತ್ತೆ ಕಾಲದ್ದೇ ಜ್ಞಾನ.

ಇನ್ನೊಂದು ಉದಾಹರಣೆ, ಉತ್ತರ ಕರ್ನಾಟಕದಲ್ಲಿ ಬೀಜ ಬಿತ್ತೋ ಕೂರಿಗೆ ನೋಡಿದೀರಾ? ಒಂದು ಮರದ ದಿಂಡು, ಅದಕ್ಕೆ ನೆಲ ಸೀಳೋ ಹಲ್ಲಿನ ಥರ ಎರಡೋ ಮೂರೋ ನಾಲ್ಕೋ ತಾಳು, ಒಂದೊಂದು ತಾಳಿಂದ ಮೇಲಕ್ಕೆ ಒಂದೊಂದು ಬಿದಿರಿನ ಕೊಳವೆ, ಎಲ್ಲ ಕೊಳವೆ ಬಂದು ಸೇರೋ ಕಡೆ ತೂತಿರೋ ಒಂದು ಮರದ ಬಟ್ಟಲು. ಮುಂದೆ ಎತ್ತು, ಹಿಂದೆ ಒಬ್ಬರು ಮುಷ್ಟೀಲಿ ಬೀಜ ಹಿಡ್ಕೊಂಡು ಬೆರಳ ಸಂದಿಂದ ಬಟ್ಟಲಿಗೆ ಬಿಡ್ತಾ ಹೋಗ್ತಾರೆ. ಸಾಲು ಸಾಲಾಗಿ ಒಂದೇ ಆಳಕ್ಕೆ ಬೀಜ ಬೀಳತ್ತೆ, ಆಮೇಲೆ ಆ ಸಾಲಿನ ಮಧ್ಯೆ ಕಳೆ ತೆಗೆಯೋ ಎಡೆಕುಂಟೆ ಹೊಡೀಬಹುದು. ಇಂಗ್ಲೆಂಡಿನ ಜೆತ್ರೋ ಟಲ್ 1701ರ ಸುಮಾರಿಗೆ ಬಿತ್ತೋ ಯಂತ್ರ ಮಾಡಿದ ಅಂತ ನಾವು ಸ್ಕೂಲಲ್ಲಿ ಓದಿದ್ವಿ, ನಮ್ಮ ಕೂರಿಗೆಗೆ ಹುಟ್ಟಿದ ವರ್ಷಾನೂ ಇಲ್ಲ, ಮಾಡಿದವರ ಹೆಸರೂ ಇಲ್ಲ. ಆ ಕೂರಿಗೇಲಿ ಅರ್ಧ ತಂತ್ರಜ್ಞಾನ ಮರದಲ್ಲಿದೆ, ಇನ್ನರ್ಧ ಬೀಜ ಬಿಡೋ ಕೈಯಲ್ಲಿದೆ. ಆ ಕೈ ತಪ್ಪಿದ್ರೆ ಒಂದು ಕಡೆ ದಟ್ಟ, ಇನ್ನೊಂದು ಕಡೆ ಬೋಳು.

ನನ್ನ ಮಟ್ಟಿಗೆ ತಂತ್ರಜ್ಞಾನ ಅಂದ್ರೆ ಇಷ್ಟು: ಒಂದು ಕೆಲಸ ಹಗುರ ಆಗೋಕೆ ಜನ ಕಂಡ್ಕೊಂಡ ದಾರಿ, ಅದಕ್ಕೆ ಬೇಕಾದ ಸಾಮಾನು, ಆ ಸಾಮಾನು ಬಳಸೋ ಕೈಯ ತಿಳುವಳಿಕೆ. ಮೂರೂ ಸೇರಬೇಕು. ಕರೆಂಟು ಇರಲೇಬೇಕು ಅಂತೇನಿಲ್ಲ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಗಿದ್ದು 1902ರಲ್ಲಿ, ಬೆಂಗಳೂರಿನ ಬೀದಿ ದೀಪ ಹತ್ತಿದ್ದು 1905ರಲ್ಲಿ, ಅದಕ್ಕೂ ಮುಂಚೆ ನಮ್ಮ ಜನ ಟೆಕ್ನಾಲಜಿ ಇಲ್ಲದೆ ಬದುಕ್ತಿದ್ರು ಅನ್ನೋಕಾಗತ್ತಾ? ಇನ್ನೊಂದು ಮಾತು ಮಗಳಿಗೆ ಹೇಳಿ, ಯಾವ ವಸ್ತು ನೋಡಿದ್ರೂ ಇದರಿಂದ ಯಾರ ಕೈ ಕೆಲಸ ಕಮ್ಮಿ ಆಯ್ತು ಅಂತ ಒಂದ್ಸಲ ಕೇಳ್ಕೊಳೋದು ಅಭ್ಯಾಸ ಮಾಡ್ಕೊಳಕ್ಕೆ. ಪ್ರಬಂಧ ತಾನಾಗೇ ಬರತ್ತೆ.

ಪ್ರಶ್ನೆ: ನಾನು ಟೀಚರ್. ಮನೇಲಿ ಮಿಕ್ಸಿ, ಗ್ರೈಂಡರ್, ವಾಷಿಂಗ್ ಮೆಷಿನ್, ಗ್ಯಾಸು ಎಲ್ಲ ಇದೆ. ನಮ್ಮಮ್ಮಂಗೆ ಇದ್ಯಾವುದೂ ಇರಲಿಲ್ಲ, ಆದ್ರೂ ಅಮ್ಮ ಮಧ್ಯಾಹ್ನ ಒಂದು ಗಂಟೆ ಜಗಲಿ ಮೇಲೆ ಕೂರ್ತಿದ್ಲು. ನಂಗೆ ಕೂರೋಕೆ ಹತ್ತು ನಿಮಿಷ ಸಿಗಲ್ಲ. ಈ ಮೆಷಿನ್‌ಗಳು ಉಳಿಸಿದ ಟೈಮು ಎಲ್ಲಿ ಹೋಯ್ತು? (ಶಿವಮೊಗ್ಗ)

ಉತ್ತರ: ಮೇಡಂ, ಈ ಪ್ರಶ್ನೆನ ನಾನು ಮನೇಲಿ ಜೋರಾಗಿ ಓದಿದೆ, ನನ್ನ ಹೆಂಡತಿ ಕೆಲಸ ನಿಲ್ಲಿಸಿ ಬಂದು ಪಕ್ಕದಲ್ಲಿ ನಿಂತು ಕೇಳಿಸ್ಕೊಂಡ್ಲು.

ಅಮೆರಿಕದಲ್ಲಿ ರೂತ್ ಶ್ವಾರ್ಟ್ಸ್ ಕೋವನ್ ಅಂತ ಒಬ್ಬ ಇತಿಹಾಸಕಾರ್ತಿ ಇದೇ ಪ್ರಶ್ನೆ ಹಿಡಿದು ವರ್ಷಗಟ್ಟಲೆ ಕೆಲಸ ಮಾಡಿದ್ರು. ಅವರು ಕಂಡ್ಕೊಂಡಿದ್ದು ಏನಪ್ಪಾ ಅಂದ್ರೆ, ಮನೆಗೆ ಬಂದ ಯಂತ್ರಗಳು ಮೊದಲು ಕಮ್ಮಿ ಮಾಡಿದ್ದು ಗಂಡಸರ ಕೆಲಸಾನ, ಮಕ್ಕಳ ಕೆಲಸಾನ. ಹೊಸ ಒಲೆ ಬಂತು, ಸೌದೆ ಒಡೆಯೋ ಗಂಡಂಗೆ ಬಿಡುವಾಯ್ತು, ಅಡುಗೆ ಮಾಡೋಳಿಗೆ ಆಗಲಿಲ್ಲ, ಯಾಕಂದ್ರೆ ಒಲೆ ಚೆನ್ನಾಗಿದೆ ಅಂತ ಒಂದು ಪಾತ್ರೆ ಊಟದ ಜಾಗಕ್ಕೆ ನಾಲ್ಕು ಬಗೆ ಬಂತು. ಬಟ್ಟೆ ಒಗೆಯೋದು ಸುಲಭ ಆಯ್ತು, ಆದ್ರೆ ಬಟ್ಟೆ ಬದಲಾಯಿಸೋದು ಜಾಸ್ತಿ ಆಯ್ತು.

ನಮ್ಮಲ್ಲೂ ಹಾಗೇ ಅಲ್ವಾ. ನಮ್ಮಮ್ಮನ ಕಾಲದಲ್ಲಿ ಇಡ್ಲಿ ಅಂದ್ರೆ ಹಬ್ಬ, ಇಲ್ಲ ನೆಂಟರು ಬಂದಾಗ. ಹಿಂದಿನ ದಿನಾನೇ ಅತ್ತಿಗೆ ನಾದಿನಿ ಇಬ್ಬರೂ ಒರಳಿನ ಮುಂದೆ ಕೂತು, ಒಬ್ಬರು ತಿರುಗಿಸೋದು ಒಬ್ಬರು ಒಳಗೆ ತಳ್ಳೋದು, ಮಾತು, ನಗು, ಒಂದೊಂದ್ಸಲ ಜಗಳ. ಈಗ ಗ್ರೈಂಡರ್ ಇದೆಯಲ್ಲ ಅಂತ ವಾರಕ್ಕೆ ಮೂರು ದಿನ ದೋಸೆ ಇಡ್ಲಿ, ಅದನ್ನ ನೆನೆಸೋದು, ಹಾಕೋದು, ತೆಗೆಯೋದು, ಆ ಭಾರದ ಪಾತ್ರೆ ತೊಳೆಯೋದು ಎಲ್ಲ ಒಬ್ಬಳೇ. ಮೆಷಿನ್ ಅತ್ತಿಗೆ ನಾದಿನಿಯ ಕೆಲಸ ತಗೊಳ್ತು, ನಿಮ್ಮ ಕೆಲಸ ನಿಮಗೇ ಬಿಡ್ತು, ಜೊತೆಗಿದ್ದ ಮಾತೂ ಹೋಯ್ತು. ಅದರ ಮೇಲೆ ನೀವು ಸ್ಕೂಲಿಗೂ ಹೋಗಬೇಕು, ಸ್ಕೂಲಿನ ವಾಟ್ಸಾಪ್ ಗ್ರೂಪು ರಾತ್ರಿ ಹತ್ತಕ್ಕೂ ಮಲಗಲ್ಲ.

ಆದ್ರೂ ನಿಮ್ಮಮ್ಮನ ಒಂದು ಗಂಟೆ ಸುಖಾನ ತುಂಬ ದೊಡ್ಡದು ಮಾಡಿ ನೋಡಬೇಡಿ. ನನ್ನಮ್ಮನೂ ಕೂರ್ತಿದ್ಲು, ಕೂತಾಗ ಸೊಂಟ ಹಿಡ್ಕೊಂಡಿರ್ತಿದ್ಲು. ಬೆಳಗ್ಗೆ ಬಾವಿಯಿಂದ ರಾಟೆಗೆ ಹಗ್ಗ ಹಾಕಿ ಕೊಡ ಕೊಡ ಸೇದಿ ತಂದ ಸೊಂಟ ಅದು. ಬೇಸಿಗೇಲಿ ಬಾವಿ ತಳ ಕಂಡ್ರೆ ಇನ್ನೂ ದೂರ ಹೋಗಬೇಕಿತ್ತು. ಮನೆಗೆ ನಲ್ಲಿ ಬಂದ ದಿನ ಅಮ್ಮ ಸುಮ್ನೆ ಅದನ್ನ ತಿರುಗಿಸಿ ನಿಲ್ಲಿಸಿ, ಮತ್ತೆ ತಿರುಗಿಸಿ ನಿಲ್ಲಿಸಿ ನೋಡ್ತಿದ್ದಿದ್ದು ನಂಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೊಬೈಲಿಗಿಂತ, ಟೀವಿಗಿಂತ, ನಾನು ನಲ್ಲಿನೇ ದೊಡ್ಡ ಟೆಕ್ನಾಲಜಿ ಅಂತೀನಿ.

ಇದನ್ನ ನಮ್ಮ ತುಮಕೂರು ಜಿಲ್ಲೇಲೇ ಒಂದು ಹಳ್ಳಿ ತೋರಿಸ್ಕೊಟ್ಟಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೇಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಹಳ್ಳಿಗೆ ಬೇಕಾದ ತಂತ್ರಜ್ಞಾನ ಮಾಡೋಣ ಅಂತ 'ಅಸ್ತ್ರ' ಅನ್ನೋ ಕೇಂದ್ರ ಶುರು ಮಾಡಿದ್ರು, ಹೊಗೆ ಕೊಳವೆ ಇರೋ ಅಸ್ತ್ರ ಒಲೆ ನೆನಪಿದ್ಯಲ್ಲ, ಅದು ಅಲ್ಲಿಯದ್ದೇ. ಇವರು ಕುಣಿಗಲ್ ತಾಲೂಕಿನ ಪುರ ಅನ್ನೋ ಊರಲ್ಲಿ ಇಡೀ ಊರಿಗೆ ಒಂದು ಗೋಬರ್ ಗ್ಯಾಸ್ ಪ್ಲಾಂಟ್ ಹಾಕಿ ಎಲ್ಲರ ಮನೆಗೂ ಅಡುಗೆಗೆ ಗ್ಯಾಸ್ ಕೊಡೋಣ ಅನ್ಕೊಂಡ್ರು. ಸಗಣಿ ಸಾಕಾಗಲಿಲ್ಲ. ಆಮೇಲೆ ಊರವರಿಗೆ ನಿಜವಾಗಿ ಬೇಕಿದ್ದು ಏನು ಅಂತ ನೋಡಿದ್ರೆ, ಅದು ಕುಡಿಯೋ ನೀರು. 1987ರಿಂದ ಅದೇ ಗ್ಯಾಸಲ್ಲಿ ಇಂಜಿನ್ ಓಡಿಸಿ, ಕರೆಂಟ್ ಮಾಡಿ, ಬೋರ್‌ವೆಲ್ ನೀರು ಎತ್ತಿ ನಲ್ಲಿಗೆ ಬಿಟ್ರು, ಮನೆಗಳಿಗೆ ದೀಪ ಕೊಟ್ರು. ಸಗಣಿ ತಂದು ಹಾಕಿದವರು ಬಗ್ಗಡ ವಾಪಸ್ ಗೊಬ್ಬರಕ್ಕೆ ಒಯ್ಯೋರು. ಅದೇ ಪ್ಲಾಂಟು, ಅದೇ ಸಗಣಿ, ಕೇಳಿದ ಮೇಲೆ ಕೆಲಸಕ್ಕೆ ಬಂತು.

ಹಾಗಾಗಿ ನಿಮ್ಮನೇಲೂ ಯಾರಾದ್ರೂ ನಿಮ್ಮನ್ನ ಕೇಳಬೇಕು. ಕೇಳದಿದ್ರೆ ನೀವೇ ಹೇಳಿ. ಇನ್ನೊಂದು ಹೊಸ ಮೆಷಿನ್ ಕೊಡಿಸ್ತೀನಿ ಅಂದ್ರೆ ಬೇಡ, ಗ್ರೈಂಡರ್ ಪಾತ್ರೆ ನೀವು ತೊಳೀರಿ ಅನ್ನಿ. ನಾನು ಹೋದ ಭಾನುವಾರದಿಂದ ಶುರು ಮಾಡಿದೀನಿ, ಆ ಗುಂಡುಗಳ ಸಂದಿ ಹಿಟ್ಟು ತೆಗೆಯೋದು ನಿಜಕ್ಕೂ ಕಷ್ಟದ ಕೆಲಸ.

ಪ್ರಶ್ನೆ: ನಂಗೆ 68 ವರ್ಷ. ಮಗ ಸ್ಮಾರ್ಟ್‌ಫೋನ್ ಕೊಡ್ಸಿ ಯುಪಿಐ ಹಾಕಿಕೊಟ್ಟಿದಾನೆ. ಪೇಪರಲ್ಲಿ ದಿನಾ ಮೋಸದ ಸುದ್ದಿ ಓದಿ ಕೈ ನಡುಗತ್ತೆ. ಬಳಸಲೋ ಬೇಡವೋ? (ದಾವಣಗೆರೆ)

ಉತ್ತರ: ಬಳಸಿ ಸರ್. ಯುಪಿಐ ಬಂದಿದ್ದು 2016ರಲ್ಲಿ, ಅದಕ್ಕಿಂತ ಮುಂಚೆ ಚಿಲ್ಲರೆಗೆ ನಾವು ಪಟ್ಟ ಪಾಡು, ಚಿಲ್ಲರೆ ಬದಲು ಚಾಕೊಲೇಟ್ ತಗೊಂಡಿದ್ದು ಎಲ್ಲ ನಿಮಗೆ ಗೊತ್ತೇ ಇದೆ. ನಿಮ್ಮ ಭಯ ಸುಳ್ಳಲ್ಲ, ಅದಕ್ಕೆ ಒಂದೇ ಒಂದು ವಿಷಯ ಮನಸ್ಸಲ್ಲಿ ಅಚ್ಚು ಒತ್ತಿಟ್ಕೊಳಿ: ನಿಮ್ಮ ಖಾತೆಗೆ ದುಡ್ಡು ಬರೋಕೆ ಪಿನ್ ಬೇಡ. ಯಾರಾದ್ರೂ ದುಡ್ಡು ಕಳಿಸ್ತೀನಿ ಪಿನ್ ಒತ್ತಿ ಅಂದ್ರೆ ಅವರು ನಿಮ್ಮಿಂದ ತೆಗೀತಿದಾರೆ ಅಂತಾನೇ ಲೆಕ್ಕ. ಪೊಲೀಸ್ ಅಂತ ವಿಡಿಯೋ ಕಾಲ್ ಮಾಡಿ ಡಿಜಿಟಲ್ ಅರೆಸ್ಟ್ ಮಾಡಿದೀವಿ ಅಂದ್ರೆ ಕಟ್ ಮಾಡಿ, ಅಂಥ ಅರೆಸ್ಟ್ ನಮ್ಮ ಕಾನೂನಲ್ಲಿ ಇಲ್ಲವೇ ಇಲ್ಲ. ಪೆನ್ಷನ್ ಬರೋ ಖಾತೇನ ಫೋನಿಗೆ ಜೋಡಿಸಬೇಡಿ, ಇನ್ನೊಂದು ಖಾತೇಲಿ ಎರಡೋ ಮೂರೋ ಸಾವಿರ ಇಟ್ಕೊಂಡು ಅದನ್ನ ಜೋಡಿಸಿ, ಹೋದ್ರೂ ಅಷ್ಟೇ ಹೋಗತ್ತೆ. ತಪ್ಪಿ ಏನಾದ್ರೂ ಆದ್ರೆ ನಾಚಿಕೆ ಪಡದೆ ಆ ಕ್ಷಣಾನೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಮಗನಿಗೆ ಹೇಳೋಕೆ ಮುಜುಗರ ಅಂತ ಒಂದು ದಿನ ತಡ ಮಾಡೋರು ಜಾಸ್ತಿ, ಅಷ್ಟರಲ್ಲಿ ದುಡ್ಡು ನಾಲ್ಕು ಖಾತೆ ದಾಟಿರತ್ತೆ. ಮೊದಲ ವಾರ ತರಕಾರಿಯವರ ಹತ್ರ ಹತ್ತು ಇಪ್ಪತ್ತು ರೂಪಾಯಿ ಮಾತ್ರ ಕೊಟ್ಟು ನೋಡಿ, ಕೈ ನಡುಕ ತಾನೇ ಹೋಗತ್ತೆ.

ಪ್ರಶ್ನೆ: ನಮ್ಮದು ಎರಡು ಎಕರೆ ಅಡಿಕೆ ತೋಟ. ಔಷಧಿ ಹೊಡೆಯೋಕೆ ಮರ ಹತ್ತೋರು ಸಿಗ್ತಿಲ್ಲ. ಕೆಳಗೇ ನಿಂತು ಔಷಧಿ ಹೊಡೆಯೋ ಉದ್ದನೆ ಕೋಲು, ಕಾರ್ಬನ್ ಫೈಬರ್ ದೋಟಿ, ತಗೊಳೋಣ ಅಂದ್ರೆ ಅಪ್ಪ, ಮರ ಹತ್ತದೆ ಮಾಡೋ ಕೃಷಿ ಕೃಷಿನೇ ಅಲ್ಲ ಅಂತಾರೆ. (ತೀರ್ಥಹಳ್ಳಿ)

ಉತ್ತರ: ಅಪ್ಪನ ಮಾತಿನ ಹಿಂದೆ ಒಂದು ಪ್ರೀತಿ ಇದೆ, ಮೇಲಿಂದ ಗೊನೆ ನೋಡಿದ್ರೇ ಮರದ ಆರೋಗ್ಯ ಗೊತ್ತಾಗೋದು ಅನ್ನೋ ನಂಬಿಕೆ. ಅದನ್ನ ತಳ್ಳಿ ಹಾಕಬೇಡಿ. ಆದ್ರೆ ಅವರಿಗೆ ಹೀಗೆ ಹೇಳಿ ನೋಡಿ. ಮಳೇಲಿ ಅಡಿಕೆ ಕೊಳೆಯೋ ಕೊಳೆರೋಗಕ್ಕೆ ಹಿಂದೆ ಮಳೆಗಾಲಕ್ಕೆ ಮುಂಚೆ ಒಂದೊಂದು ಗೊನೆಗೂ ಕೊಟ್ಟೆ, ಅಂದ್ರೆ ಮಳೆ ತಾಗದ ಹಾಗೆ ಹೊದಿಕೆ, ಕಟ್ತಿದ್ರು. 1910ರ ಹೊತ್ತಿಗೆ ಮೈಸೂರು ಸರ್ಕಾರದಲ್ಲಿದ್ದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಬೋರ್ಡೋ ದ್ರಾವಣ ಹೊಡೆಯೋದು ತೋರಿಸ್ಕೊಟ್ಟಾಗ ಆಗಿನ ಅಪ್ಪಂದಿರೂ ಇದೇನಪ್ಪ ನೀಲಿ ನೀರು ಅಂದಿರ್ತಾರೆ, ಇವತ್ತು ಅದೇ ನಮ್ಮ ಹಳೇ ಪದ್ಧತಿ ಆಗಿಬಿಟ್ಟಿದೆ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಹೊಳೆಯೋ ಚಾಕು ಅದ್ದಿ ತಾಮ್ರದ ಬಣ್ಣ ಬಂದ್ರೆ ಇನ್ನೂ ಸುಣ್ಣ ಬೇಕು, ಇದನ್ನೆಲ್ಲ ಅಪ್ಪನೇ ನಿಮಗೆ ಕಲಿಸಿರ್ತಾರೆ. ದೋಟಿ ಬಂದ್ರೆ ಅದ್ಯಾವುದೂ ಬದಲಾಗಲ್ಲ, ಜಾರೋ ಮರದ ಮೇಲೆ ಒಬ್ಬರ ಜೀವ ನೇತಾಡೋದು ಮಾತ್ರ ನಿಲ್ಲತ್ತೆ. ಮರದಿಂದ ಬಿದ್ದು ಹಾಸಿಗೆ ಹಿಡಿದವರ ಮನೆ ಮಲೆನಾಡಲ್ಲಿ ಯಾವ ಊರಲ್ಲಿ ಇಲ್ಲ ಹೇಳಿ.

ಆದ್ರೆ ಒಂದು ಎಚ್ಚರ, ದಯವಿಟ್ಟು ಇದನ್ನ ಹಗುರವಾಗಿ ತಗೋಬೇಡಿ: ಕಾರ್ಬನ್ ಫೈಬರಲ್ಲಿ ಕರೆಂಟು ಹರಿಯತ್ತೆ. ತೋಟದ ಮೇಲೆ ಲೈನ್ ಹಾದು ಹೋಗಿದ್ರೆ ಆ ಸಾಲಿನ ಮರಗಳ ಹತ್ರ ದೋಟಿ ಎತ್ತಲೇಬೇಡಿ. ಮೊದಲು ಯಾರದ್ದಾದ್ರೂ ತೋಟಕ್ಕೆ ಹೋಗಿ ಎತ್ತಿ ನೋಡಿ, ತೂಕ ಕಮ್ಮಿ ಇದ್ರೂ ಮೇಲೆ ಹೋದ ಹಾಗೆ ಬಳುಕತ್ತೆ, ಕುತ್ತಿಗೆ ನೋವು ಬರತ್ತೆ, ಅಭ್ಯಾಸ ಬೇಕು. ಸಬ್ಸಿಡಿ ಇದ್ಯಾ ಅಂತ ತಾಲೂಕಿನ ತೋಟಗಾರಿಕೆ ಇಲಾಖೇಲಿ ಒಂದ್ಸಲ ಕೇಳಿ. ಅಪ್ಪನ್ನ ಕೆಳಗೆ ನಿಲ್ಲಿಸ್ಕೊಳಿ, ಯಾವ ಗೊನೆಗೆ ಬಿತ್ತು ಯಾವುದಕ್ಕೆ ಬೀಳಲಿಲ್ಲ ಅಂತ ಅವರ ಕಣ್ಣಿಗೆ ಗೊತ್ತಾಗೋದು ನಿಮಗೆ ಗೊತ್ತಾಗಲ್ಲ.

ಪ್ರಶ್ನೆ: ಮಾತಾಡಿದ್ರೆ ಫೋನೇ ಕನ್ನಡ ಟೈಪ್ ಮಾಡತ್ತೆ. ಮಕ್ಕಳು ಒತ್ತಕ್ಷರ ಮರೀತಾರಾ? (ಧಾರವಾಡ)

ಉತ್ತರ: ಕೈಯಲ್ಲಿ ಬರೆಯೋದು ಬಿಟ್ರೆ ಮರೀತಾರೆ, ಬಿಡಿಸಬೇಡಿ. ಆದ್ರೆ ಫೋನಲ್ಲಿ ಕನ್ನಡ ಇದೆ ಅನ್ನೋದೇ ಸಣ್ಣ ವಿಷಯ ಅಲ್ಲ. ಕೆ.ಪಿ. ರಾವ್ ಅವರು ಕನ್ನಡದ ಅಷ್ಟೂ ಅಕ್ಷರ, ಒತ್ತು, ಗುಣಿತಾನ ಮಾಮೂಲಿ ಇಂಗ್ಲಿಷ್ ಕೀಲಿಮಣೆ ಮೇಲೇ ಕೂರೋ ಹಾಗೆ ಉಚ್ಚಾರಣೆಯ ತರ್ಕದಲ್ಲಿ ಜೋಡಿಸಿಕೊಟ್ರು, ಅದರಿಂದಾನೇ ಎಷ್ಟೋ ಜನ ಕನ್ನಡ ಟೈಪ್ ಮಾಡೋ ಧೈರ್ಯ ಮಾಡಿದ್ದು. ನಮ್ಮ ಪತ್ರಿಕೆಗೆ ಬರೋ ಪತ್ರಗಳಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ ವರ್ಷ ವರ್ಷಕ್ಕೆ ಕಮ್ಮಿ ಆಗ್ತಿದೆ. ಓದು ಬರಹ ಕಲಿಯದ ಎಷ್ಟೋ ಅಮ್ಮಂದಿರು ಮಾತಲ್ಲೇ ಮೆಸೇಜ್ ಕಳಿಸ್ತಿದಾರೆ, ಅದು ನಂಗೆ ತುಂಬ ದೊಡ್ಡದಾಗಿ ಕಾಣತ್ತೆ.

ಪ್ರಶ್ನೆ: ನಮ್ಮಜ್ಜಿ ಊರಲ್ಲಿ ಒಬ್ಬಳೇ ಇದಾಳೆ. ರೇಷನ್ ಅಂಗಡೀಲಿ ಹೆಬ್ಬೆಟ್ಟು ಇಟ್ರೆ ಮೆಷಿನ್ ತಗೊಳ್ಳಲ್ಲ. ಹೋದ ತಿಂಗಳು ಮೂರು ಸಲ ಹೋಗಿ ವಾಪಸ್ ಬಂದ್ಲು. ನನ್ನ ಬೆರಳು ಸತ್ತೋಗಿದೆ ಕಣೋ ಅಂತ ಫೋನಲ್ಲಿ ಅತ್ಲು. ಏನ್ ಮಾಡ್ಲಿ? (ಮಧುಗಿರಿ)

ಉತ್ತರ: ಈ ಪತ್ರ ನನ್ನ ಮೇಜಿನ ಮೇಲೆ ಎರಡು ದಿನ ಇತ್ತು, ಬೇರೆ ಉತ್ತರ ಬರೆಯೋಕೆ ಮನಸ್ಸೇ ಬರಲಿಲ್ಲ.

ಅಜ್ಜಿಗೆ ಮೊದಲು ಹೇಳಿ, ಬೆರಳು ಸತ್ತಿಲ್ಲ, ಸವೆದಿದೆ. ಬೆರಳ ತುದೀಲಿರೋ ಸಣ್ಣ ಸಣ್ಣ ಏಣುಗಳ ಗುರುತನ್ನ ಆ ಮೆಷಿನ್ ಓದೋದು. ಜೀವಮಾನ ಪೂರ್ತಿ ರಾಗಿ ಬೀಸಿ, ಕಳೆ ಕಿತ್ತು, ಪಾತ್ರೆ ಉಜ್ಜಿ, ಸಗಣಿ ತಟ್ಟಿ ಆ ಏಣು ನುಣ್ಣಗಾಗಿರತ್ತೆ, ವಯಸ್ಸಾದ ಮೇಲೆ ಚರ್ಮ ಒಣಗಿ ಇನ್ನೂ ಕಾಣಲ್ಲ. ಮೇಜಿನ ಮುಂದೆ ಕೂತು ಕೆಲಸ ಮಾಡಿದ ನನ್ನ ಬೆರಳು ಒಂದೇ ಸಲಕ್ಕೆ ಹಿಡಿಯತ್ತೆ, ದುಡಿದ ಬೆರಳು ಹಿಡಿಯಲ್ಲ. ಇಂಥ ಯಂತ್ರ ಮಾಡಿದವರು ಯಾರ ಬೆರಳು ಇಟ್ಟು ನೋಡಿದ್ರೋ ಅಂತ ನಂಗೆ ಸಂಕಟ ಆಗತ್ತೆ. ಅಂಗಡಿಯವರಿಗೆ ಕೆಲಸ ಹಗುರ ಆಗಿರಬಹುದು, ಲೆಕ್ಕ ಪಕ್ಕಾ ಆಗಿರಬಹುದು, ಅಜ್ಜಿಗೆ ಮೂರು ಸಲದ ನಡಿಗೆ ಬಂತು.

ಈಗ ಮಾಡಬೇಕಾದ್ದು. ಅಕ್ಕಿ ಅಜ್ಜಿಯ ಹಕ್ಕು, 2013ರ ಆಹಾರ ಭದ್ರತಾ ಕಾಯ್ದೆ ಕೊಟ್ಟಿರೋದು. ಆಧಾರ್ ಇಲ್ಲ ಅಂತಲೋ ಬೆರಳು ಹಿಡೀಲಿಲ್ಲ ಅಂತಲೋ ಅರ್ಹರಿಗೆ ರೇಷನ್ ನಿಲ್ಲಿಸಬಾರದು ಅಂತ 2017ರಲ್ಲೇ ಕೇಂದ್ರ ಆಹಾರ ಇಲಾಖೆ ಎಲ್ಲ ರಾಜ್ಯಗಳಿಗೂ ಬರೆದಿದೆ, ಇದನ್ನ ಧೈರ್ಯವಾಗಿ ಹೇಳಿ. ಹೆಬ್ಬೆಟ್ಟೇ ಆಗಬೇಕು ಅಂತಿಲ್ಲ, ಹತ್ತು ಬೆರಳಲ್ಲಿ ಯಾವುದು ಹಿಡಿದ್ರೂ ನಡೆಯತ್ತೆ, ಕೈ ತೊಳೆದು ಒರೆಸಿ, ಒಣಗಿದ್ರೆ ಸ್ವಲ್ಪ ತೇವ ಮಾಡಿ, ಉಂಗುರದ ಬೆರಳು, ಕಿರುಬೆರಳು ಇಡಿಸಿ ನೋಡಿ, ಕೆಲಸದಲ್ಲಿ ಕಮ್ಮಿ ಸವೆಯೋದು ಅವೇ. ಕಣ್ಣಿನ ಸ್ಕ್ಯಾನ್ ಅಥವಾ ಮೊಬೈಲಿಗೆ ಒಟಿಪಿ ಬರೋ ದಾರಿ ಅಲ್ಲಿ ಇದ್ಯಾ ಕೇಳಿ, ಒಟಿಪಿಗೆ ಆಧಾರಲ್ಲಿ ಅಜ್ಜಿ ಹತ್ರ ಇರೋ ನಂಬರೇ ಇರಬೇಕು. ಆಗಲ್ಲ ಅಂದ್ರೆ ಅವತ್ತಿನ ತಾರೀಕು ಟೈಮು ಬರ್ಕೊಂಡು ರೇಷನ್ ಸಹಾಯವಾಣಿ 1967ಕ್ಕೆ ಫೋನ್ ಮಾಡಿ ದೂರು ಕೊಡಿ, ತಾಲೂಕು ಆಫೀಸಿನ ಆಹಾರ ಶಾಖೆಗೂ ಒಂದು ಅರ್ಜಿ ಬರೆದು ಸೀಲ್ ಹಾಕಿಸ್ಕೊಳಿ.

ಆಮೇಲೆ ಒಂದು ದಿನ ರಜೆ ಹಾಕಿ ಅಜ್ಜಿನ ಆಧಾರ್ ಸೆಂಟರಿಗೆ ನೀವೇ ಕರ್ಕೊಂಡು ಹೋಗಿ ಬೆರಳು, ಕಣ್ಣು ಎರಡೂ ಹೊಸದಾಗಿ ಅಪ್‌ಡೇಟ್ ಮಾಡಿಸಿ. ಬೆಳಗ್ಗೆ ಬೇಗ ಹೋಗಿ, ಕ್ಯೂ ಕಮ್ಮಿ ಇರತ್ತೆ. ಹಿಂದಿನ ರಾತ್ರಿ ಅಜ್ಜಿ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ, ಬೆಳಗ್ಗೆ ಸೋಪಲ್ಲಿ ಚೆನ್ನಾಗಿ ತೊಳೆಸಿ. ಅಲ್ಲಿ ಅವರಿಗೆ ಕೂರೋಕೆ ಒಂದು ಕುರ್ಚಿ ಕೇಳಿ ಹಾಕಿಸಿ, ಮುಗಿದ ಮೇಲೆ ಏನಾಯ್ತು ಅಂತ ನಮಗೊಂದು ಸಾಲು ಬರೀರಿ. ಕಾಯ್ತಿರ್ತೀನಿ.